ಒಂಟಿ ಹಲಗೆ ಕಲಿಸಿದವರು

ಟೊರೆನ್ಸ್‌ನ ಸಭಾಂಗಣದಲ್ಲಿ ಅವರ ಶ್ರದ್ಧಾಂಜಲಿ ಸಭೆ ಒಂದೂವರೆ ಗಂಟೆ ನಡೆಯಿತು. ಹನ್ನೊಂದು ಜನ ಮಾತಾಡಿದರು. ಒಬ್ಬರಾದರೂ ನೀರಿನ ಸುದ್ದಿ ಎತ್ತಲಿಲ್ಲ.

ಪರದೆಯ ಮೇಲೆ ಫೋಟೋಗಳು ಬರುತ್ತಲೇ ಇದ್ದವು. ಸೂಟು ಹಾಕಿಕೊಂಡು ವಿಮಾನದ ಬಿಡಿಭಾಗದ ಪಕ್ಕ ನಿಂತಿದ್ದು, ನಿವೃತ್ತಿಯ ದಿನ ಕೇಕ್ ಕತ್ತರಿಸಿದ್ದು, ಗಣೇಶನ ಹಬ್ಬಕ್ಕೆ ದೊಡ್ಡ ಪಾತ್ರೆಯಲ್ಲಿ ಎಣ್ಣೆಗಾಯಿ ತಿರುವುತ್ತಿದ್ದುದು. ಎಣ್ಣೆಗಾಯಿಯ ಫೋಟೋ ಎರಡು ಸಲ ಬಂತು. ಅರುವತ್ತೈದರ ವಯಸ್ಸಿನಲ್ಲಿ, ಬಿಳಿ ಮೀಸೆಯಿಂದ ಉಪ್ಪುನೀರು ಸುರಿಸುತ್ತಾ, ಒಂದೇ ಹಲಗೆಯ ಮೇಲೆ ದೋಣಿಯ ಹಿಂದೆ ನೀರು ಸೀಳಿಕೊಂಡು ವಾಟರ್ ಸ್ಕೀ ಮಾಡುತ್ತಿದ್ದ ಮನುಷ್ಯನ ಒಂದು ಫೋಟೋನೂ ಇರಲಿಲ್ಲ. ನನ್ನ ಫೋನಿನಲ್ಲೇ ನಲವತ್ತು ಇವೆ. ಯಾರೂ ಕೇಳಲಿಲ್ಲ. ಕೊನೆಗೆ ನಮ್ಮ ಸ್ಯಾನ್ ಡಿಯಾಗೋ ಗುಂಪಿನ ಅಡ್ಮಿನ್ ಮಹಾಶಯರು ಮೈಕ್ ಹಿಡಿದು, "ಹಿ ವಾಸ್ ಎ ವೆರಿ ಅಡ್ವೆಂಚರಸ್ ಪರ್ಸನ್, ಕೆಲವೊಮ್ಮೆ ಸ್ವಲ್ಪ ಜಾಸ್ತಿನೇ" ಅಂದರು. ಜನ ಮೆಲ್ಲಗೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆ "ಸ್ವಲ್ಪ ಜಾಸ್ತಿನೇ" ಅನ್ನುವ ಮಾತು ನನ್ನಿಂದ ಹುಟ್ಟಿದ್ದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಇಲ್ಲಿ ಬೇಡ. ಮಕ್ಕಳೆಲ್ಲ ಬೋಟ್ ಅಂಕಲ್ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಬಾಗಲಕೋಟೆ ಕಡೆಯವರು. ಹುಡುಗರಾಗಿದ್ದಾಗ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು. ಟೊರೆನ್ಸ್‌ನಲ್ಲಿ ಮೂವತ್ತು ವರ್ಷ ವಿಮಾನದ ಭಾಗಗಳ ಲೆಕ್ಕ ನೋಡಿ, ನಿವೃತ್ತಿಗೆ ಮುಂಚೆಯೇ ಒಂದು ಹಳೇ ದೋಣಿ ಕೊಂಡಿದ್ದರು. ಪ್ರತಿ ಶನಿವಾರ ಅದನ್ನು ಟ್ರಕ್ಕಿನ ಹಿಂದೆ ಕಟ್ಟಿಕೊಂಡು, ಪಕ್ಕದ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ಎರಡು ಗಂಟೆ ಡ್ರೈವ್ ಮಾಡಿ ಸ್ಯಾನ್ ಡಿಯಾಗೋದ ಮಿಷನ್ ಬೇ ಎಂಬ ಕೊಲ್ಲಿಗೆ ಬರುತ್ತಿದ್ದರು. ಅಲ್ಲಿ ನೀರು ಶಾಂತ, ಸಮುದ್ರದ ಅಲೆ ಒಳಗೆ ಬರುವುದಿಲ್ಲ.

ಕೋವಿಡ್‌ನ ಎರಡನೇ ಬೇಸಿಗೆ ಅದು. ಒಬ್ಬರ ಮನೆಗೆ ಒಬ್ಬರು ಹೋಗಲು ಇನ್ನೂ ಹೆದರುತ್ತಿದ್ದ ಕಾಲ. ಬಯಲಲ್ಲಿ ಸೇರಬಹುದು ಎಂದು ನಮ್ಮ ಕನ್ನಡ ಗುಂಪು ಬೇಯ ದಂಡೆಯಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ಚಿತ್ರಾನ್ನ ತಿನ್ನುತ್ತಿತ್ತು. ಆಗ ಯಾರೋ ಒಬ್ಬರು ನೀರಿನ ಮೇಲೆ ಒಂದೇ ಹಲಗೆಯಲ್ಲಿ ಬಂದು, ಹಗ್ಗ ಬಿಟ್ಟು, ಮೆಲ್ಲಗೆ ಸೊಂಟದವರೆಗೆ ಮುಳುಗಿ, "ಕನ್ನಡದವ್ರೇನ್ರಿ? ಚಿತ್ರಾನ್ನದ ವಾಸನಿ ಅಲ್ಲೀತನಕ ಬಂತು" ಅಂದರು. ಅದು ಅವರ ಪರಿಚಯ.

ಆ ಬೇಸಿಗೆ ನಮ್ಮಲ್ಲಿ ಎಂಟು-ಹತ್ತು ಜನ ಅವರ ಶಿಷ್ಯರಾದೆವು. ಹೆಚ್ಚಿನವರು ಹೆಂಗಸರೇ. ಬೆಂಗಳೂರಿನಲ್ಲಿ ಹುಟ್ಟಿ, ಬಕೆಟ್ಟಿಗಿಂತ ದೊಡ್ಡ ನೀರು ಕಾಣದೆ ಬೆಳೆದವರು. ನನಗೆ ಆಗ ಮೂವತ್ತೆಂಟು. ಟೆಲಿಕಾಂ ಕಂಪನಿಯಲ್ಲಿ ಹದಿನಾಲ್ಕು ಜನರ ಮೇಲೆ ಮ್ಯಾನೇಜರು. ಈಜು ಮಾತ್ರ ಅಷ್ಟಕ್ಕಷ್ಟೇ.

ಅವರು ಕಲಿಸುವ ರೀತಿಯೇ ಬೇರೆ. ಒಂದೇ ಹಲಗೆಯ ಮೇಲೆ ನಿಲ್ಲಬೇಕಾದರೆ ಯಾವ ಕಾಲು ಮುಂದೆ ಎಂದು ಮೊದಲು ಗೊತ್ತಾಗಬೇಕು. ಅದಕ್ಕೆ ಅವರು ನಮ್ಮನ್ನು ಮರಳಿನ ಮೇಲೆ ನಿಲ್ಲಿಸಿ, ಊರು ಯಾವುದು, ಮಕ್ಕಳೆಷ್ಟು ಎಂದು ಮಾತಿಗೆ ಎಳೆಯುತ್ತಿದ್ದರು. ಮಾತಿನ ಮಧ್ಯೆ ಹಿಂದಿನಿಂದ ಆಂಟಿ, ಅಂದರೆ ಅವರ ಹೆಂಡತಿ, ಬಂದು ಬೆನ್ನಿಗೆ ಒಂದು ದಬ್ಬು ಕೊಡುತ್ತಿದ್ದರು. ಮುಗ್ಗರಿಸಿ ಯಾವ ಕಾಲು ಮುಂದಿಟ್ಟೆವೋ ಅದೇ ಮುಂದಿನ ಕಾಲು. "ಯೋಚನಿ ಮಾಡಿ ಇಟ್ಟ ಕಾಲು ಸುಳ್ಳ ಹೇಳ್ತದ" ಅನ್ನುತ್ತಿದ್ದರು. ನನ್ನದು ಎಡಗಾಲು. ಆಂಟಿಯ ಕೈ ಬಲ ಎಂಥದೆಂದರೆ ನಾನು ಮೂರು ಹೆಜ್ಜೆ ಓಡಿದೆ.

ಮೊದಲು ಎರಡು ಹಲಗೆ. ನೀರಿನಲ್ಲಿ ಮಂಡಿ ಮಡಚಿ ಕೂರಬೇಕು, ಹಗ್ಗದ ಹಿಡಿ ಎರಡು ಕೈಯಲ್ಲಿ, ದೋಣಿ ಎಳೆದಾಗ ಸುಮ್ಮನೆ ಇರಬೇಕು. ಈ ಸುಮ್ಮನಿರುವುದೇ ನಮಗೆ ಬಾರದ ವಿದ್ಯೆ. ಎಳೆದ ಕೂಡಲೇ ನಾವೆಲ್ಲ ಗಡಬಡಿಸಿ ಎದ್ದು ನಿಲ್ಲಲು ಹೋಗಿ ಮುಖ ಅಡಿಯಾಗಿ ಬೀಳುತ್ತಿದ್ದೆವು. "ಏ ತಂಗಿ, ನೀ ಏಳಬ್ಯಾಡ! ದೋಣಿ ಎಬ್ಬಸ್ತದ. ಅದರ ಕೆಲಸ ಅದಕ್ಕ ಬಿಡು" ಎಂದು ಅವರು ಸ್ಟೀರಿಂಗ್ ಹಿಡಿದೇ ಕೂಗುತ್ತಿದ್ದರು. ಎರಡು ಹಲಗೆ ಒಗ್ಗಿದ ಮೇಲೆ, ಓಡುತ್ತಿರುವಾಗಲೇ ಭಾರವನ್ನೆಲ್ಲ ಒಂದು ಕಾಲಿಗೆ ತಂದು, ಇನ್ನೊಂದರ ಹಿಮ್ಮಡಿ ಸಡಿಲಿಸಿ, ಆ ಹಲಗೆಯನ್ನು ನೀರಿಗೆ ಬಿಟ್ಟುಬಿಡಬೇಕು. ಬಿಡುವ ಹಲಗೆಗೆ ಅವರು ಅರಿಶಿನ ಬಣ್ಣ ಬಳಿದಿದ್ದರು. ದೂರದಿಂದ ಕಾಣಲಿ, ಬೇರೆ ದೋಣಿಯವರಿಗೆ ತಗಲದಿರಲಿ ಎಂದು. ಬಿಡುಗಡೆಯಾದ ಕಾಲನ್ನು ಹಿಂದೆ ನೀರಿನಲ್ಲಿ ಎಳೆಯಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ತಂದು ಮುಂದಿನ ಕಾಲಿನ ಹಿಂದೆ ಇಡಬೇಕು. ಹೇಳಲು ನಾಲ್ಕು ಸಾಲು. ನನಗೆ ಒಂದೂವರೆ ಬೇಸಿಗೆ ಹಿಡಿಯಿತು.

ಬಿದ್ದಾಗಲೆಲ್ಲ ನಾನು ಹಣೆ ಚಚ್ಚಿಕೊಳ್ಳುತ್ತಿದ್ದೆ. ನೀರಿನ ಮೇಲಿನ ಸನ್ನೆಗಳಲ್ಲಿ ತಲೆಯ ಮೇಲೆ ಕೈ ಬಡಿದರೆ "ಸಾಕು, ದಡಕ್ಕೆ ಹೋಗೋಣ" ಎಂದರ್ಥ. ಒಂದು ದಿನ ಗುಂಪಿನ ಇನ್ನೊಬ್ಬಳು ದೋಣಿ ಓಡಿಸುತ್ತಿದ್ದಳು. ಅವಳು ನನ್ನನ್ನು ನಾಲ್ಕು ಸಲ ದಡಕ್ಕೆ ಕರೆತಂದಳು. ಅಂಕಲ್ ನಕ್ಕು ನಕ್ಕು ಕೆಮ್ಮಿದರು. "ಹಣಿ ಬಡ್ಕೊಳ್ಳೂದು ಮನ್ಯಾಗ ಇಟ್ಟು ಬಾ" ಅಂದರು.

ಅಂಥ ನಗುವ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ನಗುತ್ತಿರಲಿಲ್ಲ. ನೀರಿಗೆ ಇಳಿಯುವ ಮುಂಚೆ ಪ್ರತಿಯೊಬ್ಬರನ್ನೂ ಎದುರಿಗೆ ನಿಲ್ಲಿಸಿ, "ನಾಷ್ಟಾ ಆತೇನು?" ಎಂದು ಕೇಳುತ್ತಿದ್ದರು. ನಮ್ಮಲ್ಲಿ ಈ ಪ್ರಶ್ನೆಗೆ ಏನು ಉತ್ತರ ಎಂದು ಎಲ್ಲರಿಗೂ ಗೊತ್ತು. ಬೀದಿಯಲ್ಲಿ, ಫೋನಿನಲ್ಲಿ, ಮೆಟ್ಟಿಲ ಮೇಲೆ, ಎಲ್ಲಿ ಯಾರು ಊಟ ಆಯ್ತಾ, ತಿಂಡಿ ಆಯ್ತಾ ಅಂದರೂ ಬಾಯಿ ತಾನಾಗಿ "ಆಯ್ತು" ಅನ್ನುತ್ತದೆ. ಹೊಟ್ಟೆ ಖಾಲಿ ಇದ್ದರೂ ಆಯ್ತು. ಇಲ್ಲ ಅಂದರೆ ಅವರು ಬಡಿಸಲು ಎದ್ದುಬಿಡುತ್ತಾರೆ, ಅವರಿಗೇಕೆ ತೊಂದರೆ ಎಂಬ ದಾಕ್ಷಿಣ್ಯ. ಅದು ಅವರಿಗೂ ಗೊತ್ತಿತ್ತು. ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಹೇಳಿದ್ದರು: "ನಾ ಉಪಚಾರಕ್ಕ ಕೇಳಂಗಿಲ್ಲ. ಖಾಲಿ ಹೊಟ್ಟಿಲೆ ಹಗ್ಗ ಹಿಡದ್ರ ಕಣ್ಣಿಗೆ ಕತ್ತಲಿ ಬರ್ತದ. ಆಗಿಲ್ಲಂದ್ರ ಆಗಿಲ್ಲ ಅನ್ರಿ. ಡಬ್ಬ್ಯಾಗ ರೊಟ್ಟಿ ಅದಾವ." ಡಬ್ಬಿ ನಿಜಕ್ಕೂ ಇರುತ್ತಿತ್ತು. ಆಂಟಿ ಬೆಳಗಿನ ಜಾವ ಎದ್ದು ಬಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಇಂಥವರನ್ನು ಕೇರ್‌ಲೆಸ್ ಎಂದು ನಾವು ಊರೆಲ್ಲ ಸಾರಿದೆವು.

ನಮ್ಮ ಕಲಿಕೆಯ ಎರಡನೇ ಬೇಸಿಗೆಯ ಕೊನೆ, ಸೆಪ್ಟೆಂಬರ್. ಬಿಸಿಲು ಸುಡುತ್ತಿತ್ತು. ಅಂದು ಸಂಕಷ್ಟ ಚತುರ್ಥಿ. ನನಗೆ ಮದುವೆಗೆ ಮುಂಚಿನಿಂದ ನಡೆದು ಬಂದ ಉಪವಾಸ, ಚಂದ್ರನನ್ನು ನೋಡುವವರೆಗೆ ಏನೂ ತಿನ್ನುವುದಿಲ್ಲ. ಹಿಂದಿನ ರಾತ್ರಿ ಆಫೀಸಿನ ಕೆಲಸ ಹೆಚ್ಚಾಗಿ ಒಂದು ಬಾಳೆಹಣ್ಣು ತಿಂದು ಮಲಗಿದ್ದೆ. ಆದರೆ ಆ ಶನಿವಾರ ನಾನು ಒಂಟಿ ಹಲಗೆಯ ಮೇಲೆ ಬೇಯ ನಡುವೆ ಕಟ್ಟಿದ್ದ ಕೆಂಪು ತೇಲುಗುಂಡನ್ನು ಸುತ್ತಿ ಬರಬೇಕಾದ ದಿನ. ಮೂರು ವಾರದಿಂದ ಕಾದಿದ್ದೆ. ನನ್ನ ಸರದಿ ಬರುವಾಗ ಹನ್ನೊಂದೂವರೆ.

"ನಾಷ್ಟಾ ಆತೇನು ತಂಗಿ?"

"ಆಯ್ತು ಅಂಕಲ್."

ಅವರು ನನ್ನ ಮುಖ ನೋಡಿದರು. "ಖರೇನಽ?"

"ಹೂಂ, ಆಯ್ತು."

"ಏನ್ ತಿಂದಿ?"

"ಉಪ್ಪಿಟ್ಟು."

ಮೂರು ಸಲ ಕೇಳಿದರು. ಮೂರನೆಯ ಸಲ ನಾನು ದಾಕ್ಷಿಣ್ಯಕ್ಕೆ ಹೇಳಲಿಲ್ಲ, ಉಪ್ಪಿಟ್ಟು ಎಂದು ಹೊಸದಾಗಿ ಸುಳ್ಳು ಹುಟ್ಟಿಸಿದೆ. ಉಪವಾಸ ಎಂದರೆ ನೀರಿಗೆ ಬಿಡುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಎರಡು ಸಲ ಎದ್ದು ಬಿದ್ದೆ. ಮೂರನೆಯ ಸಲ ಎದ್ದೆ, ಅರಿಶಿನ ಹಲಗೆಯನ್ನು ಬಿಟ್ಟೆ, ಕಾಲನ್ನು ತಂದು ಹಿಂದೆ ಇಟ್ಟೆ. ಇಪ್ಪತ್ತು ಸೆಕೆಂಡ್ ಇರಬಹುದು. ಅಷ್ಟು ಸಂತೋಷ ನನಗೆ ಹೆರಿಗೆಯ ದಿನವೂ ಆಗಿರಲಿಲ್ಲ. ಆಮೇಲೆ ನೀರು ಕಪ್ಪಾಯಿತು. ದೋಣಿಯಲ್ಲಿ ಬಾವುಟ ಹಿಡಿದು ನನ್ನನ್ನೇ ನೋಡುತ್ತಿದ್ದ ಆಂಟಿ ಕೂಗಿದ್ದು ಕೇಳಿತು. ಹಲಗೆಯ ಅಂಚು ಗದ್ದಕ್ಕೆ ಹೊಡೆದದ್ದು ನೆನಪಿಲ್ಲ. ಅಂಕಲ್ ಬಟ್ಟೆಯಲ್ಲೇ ನೀರಿಗೆ ಹಾರಿ ನನ್ನ ತಲೆಯನ್ನು ಎತ್ತಿ ಹಿಡಿದಿದ್ದರಂತೆ.

ದಂಡೆಯಲ್ಲಿ ಆಂಬುಲೆನ್ಸಿನ ಹುಡುಗಿ ಬಗ್ಗಿ, ಕೊನೆಯ ಸಲ ಯಾವಾಗ ತಿಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೆ ನಾನು ನಿಜ ಹೇಳಿದೆ. ನಿನ್ನೆ ರಾತ್ರಿ, ಒಂದು ಬಾಳೆಹಣ್ಣು, ಇವತ್ತು ಫಾಸ್ಟಿಂಗ್ ಎಂದೆ. ಎರಡು ಅಡಿ ದೂರದಲ್ಲಿ ಅಂಕಲ್ ನನ್ನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಅವರಿಗೆ ಕೇಳಿಸಿತು. ಕೇಳಿಸಿತು ಎಂದು ನನಗೂ ತಿಳಿಯಿತು. ಅವರು ಚಪ್ಪಲಿಗಳ ಮರಳು ಕೊಡವಿ ನನ್ನ ಕಾಲ ಬಳಿ ಇಟ್ಟರು.

ಗದ್ದಕ್ಕೆ ಆರು ಹೊಲಿಗೆ ಬಿತ್ತು. ಮನೆಗೆ ಬರುವಷ್ಟರಲ್ಲಿ ಸುದ್ದಿ ಗುಂಪಿನಲ್ಲಿ ಹರಡಿತ್ತು. ನನ್ನ ಗಂಡ ಹೆದರಿ, "ಆ ಬೋಟ್ ಸಹವಾಸ ಸಾಕು" ಎಂದು ಬರೆದುಬಿಟ್ಟಿದ್ದರು. ಅದರ ಕೆಳಗೆ ಶುರುವಾಯಿತು. ಒಂದು ದಿನವೂ ನೀರಿಗೆ ಕಾಲಿಡದವರು ಸುರಕ್ಷತೆಯ ಪಾಠ ಹೇಳಿದರು. ವಯಸ್ಸಾದವರಿಗೆ ಇಂಥ ಹುಚ್ಚು ಯಾಕೆ ಎಂದರು. ಲೈಸೆನ್ಸ್ ಇದೆಯಾ, ಇನ್ಷೂರೆನ್ಸ್ ಇದೆಯಾ ಎಂದರು. ಅಡ್ಮಿನ್ ಮಹಾಶಯರು ಒಂದು ಪುಟ ಬರೆದು, ಇನ್ನು ಮುಂದೆ ನಮ್ಮ ಗುಂಪಿನ ಕುಟುಂಬಗಳು ಈ ಆಕ್ಟಿವಿಟಿಗೆ ಹೋಗುವುದು ಬೇಡ ಎಂದು ತೀರ್ಪು ಕೊಟ್ಟರು. ಮೂವತ್ತು ಜನ ಹೆಬ್ಬೆರಳು ಎತ್ತಿದರು. ಅದರಲ್ಲಿ ಆರು ಜನ ಅವರ ರೊಟ್ಟಿ ತಿಂದವರು. ಅಂಕಲ್ ಕೂಡ ಅದೇ ಗುಂಪಿನಲ್ಲಿದ್ದರು, ಎಲ್ಲವನ್ನೂ ಓದುತ್ತಿದ್ದರು. "ಆಕಿ ನನಗ ಸುಳ್ಳು ಹೇಳಿದ್ಲು" ಎಂಬ ಒಂದೇ ಸಾಲು ಅವರು ಬರೆದಿದ್ದರೆ ಎಲ್ಲ ನಿಲ್ಲುತ್ತಿತ್ತು. ಬರೆಯಲಿಲ್ಲ.

ನಾನೂ ಬರೆಯಲಿಲ್ಲ. ನನಗೆ ನಾಚಿಕೆ. ಇಂಜಿನಿಯರು, ಮ್ಯಾನೇಜರು, ಉಪವಾಸ ಮಾಡಿ ನೀರಿಗೆ ಇಳಿದು ತಲೆತಿರುಗಿ ಬಿದ್ದಳಂತೆ ಎಂದು ನಗುತ್ತಾರೆ ಅನ್ನಿಸಿತು. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಒಂದು ವಾರ ಮನೆ ಮನೆಯಿಂದ ಸಾರು, ಗಂಜಿ, ಹುರಿಟ್ಟು ಬಂತು, ಎಲ್ಲರೂ "ಪಾಪ" ಅಂದರು. ಆ ಪಾಪ ಅನ್ನಿಸಿಕೊಳ್ಳುವುದು ನನಗೆ ಹಿತವಾಗಿಯೇ ಇತ್ತು. ಹೊಲಿಗೆ ಬಿಚ್ಚಿದ ದಿನ ಅಂಕಲ್ ಫೋನ್ ಮಾಡಿದರು. "ಹೆಂಗದಿ ತಂಗಿ? ನೋವು ಕಡಿಮಿ ಆತೇನು? ಹೊತ್ತೊತ್ತಿಗೆ ಉಣ್ಣು" ಅಂದರು, ಅಷ್ಟೇ. ಅವರು ಬೈದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಈಗ ಹೀಗೆ ಹೇಳುವುದೂ ಒಂದು ನೆಪವೇ.

ಈ ಆಟಕ್ಕೆ ಮೂವರು ಬೇಕು. ಹಗ್ಗ ಹಿಡಿಯಲು ಒಬ್ಬರು, ದೋಣಿ ಓಡಿಸಲು ಒಬ್ಬರು, ಹಿಂದೆ ತಿರುಗಿ ಕೂತು, ಬಿದ್ದವರು ಕಂಡಾಗ ಬಾವುಟ ಎತ್ತಲು ಒಬ್ಬರು. ಇಲ್ಲಿನ ಕಾನೂನೇ ಹಾಗೆ. ಬಾವುಟಕ್ಕೆ ಆಂಟಿ ಇದ್ದರು, ಆದರೆ ಅವರಿಗೆ ದೋಣಿ ಓಡಿಸಲು ಧೈರ್ಯ ಸಾಲುತ್ತಿರಲಿಲ್ಲ. ಮಗಳು ದೂರದ ರಾಜ್ಯದಲ್ಲಿ; ನಾವು ಅವರನ್ನು ಮೊದಲು ಕಂಡ ದಿನ ರಜೆಗೆ ಬಂದು ದೋಣಿ ಓಡಿಸಿದವಳು ಅವಳೇ. ಅದಕ್ಕೇ ಅಂಕಲ್ ನಮ್ಮಲ್ಲಿ ನಾಲ್ವರಿಗೆ ದೋಣಿ ಓಡಿಸುವುದನ್ನು ಕಲಿಸಿ, ಪರೀಕ್ಷೆ ಬರೆಸಿ, ಕಾರ್ಡು ಕೊಡಿಸಿದ್ದರು. ನಾವು ಕಲಿತರೆ ಅವರೂ ಹಗ್ಗ ಹಿಡಿಯಬಹುದು, ಅದಷ್ಟೇ ಅವರು ನಮ್ಮಿಂದ ಬಯಸಿದ್ದು. ತೀರ್ಪು ಬಂದ ಮೇಲೆ ಆ ನಾಲ್ವರಲ್ಲಿ ಒಬ್ಬರೂ ದಂಡೆಯ ಕಡೆ ಸುಳಿಯಲಿಲ್ಲ. ಮುಂದಿನ ಎರಡು ಬೇಸಿಗೆ ಅವರು ಶನಿವಾರ ತಪ್ಪದೆ ಟೊರೆನ್ಸ್‌ನಿಂದ ದೋಣಿ ಎಳೆದುಕೊಂಡು ಬಂದರು. ಡೆಲ್ ಮಾರ್ ಕಡೆಯ ಒಬ್ಬ ಗೆಳತಿ ಅವರನ್ನು ಕಂಡಿದ್ದಳಂತೆ. ದೋಣಿಯನ್ನು ನೀರಿಗೆ ಇಳಿಸಿ, ಗಂಡ ಹೆಂಡತಿ ಇಬ್ಬರೂ ಅದರಲ್ಲಿ ಕೂತು ರೊಟ್ಟಿ ತಿಂದು, ಒಂದು ಸುತ್ತು ಹೊಡೆದು, ಮತ್ತೆ ಮೇಲೆತ್ತಿಕೊಂಡು ಹೋದರಂತೆ. ಹಲಗೆ ಒದ್ದೆಯಾಗಿರಲಿಲ್ಲವಂತೆ. "ಪಾಪ ಕಣೇ, ಮಾತಾಡ್ಸೋಣ ಅನ್ಕೊಂಡೆ, ಆಮೇಲೆ ಗ್ರೂಪಲ್ಲಿ ಏನಂತಾರೋ ಅಂತ ಸುಮ್ನಾದೆ" ಅಂದಳು. ಅವಳ ಮೇಲೆ ನನಗೆ ಬಂದ ಕೋಪ ಹೇಳತೀರದು. ನಾನು ಆ ಎರಡು ವರ್ಷದಲ್ಲಿ ಬೇಯ ಪಕ್ಕದ ರಸ್ತೆಯನ್ನೇ ಬಿಟ್ಟಿದ್ದೆ, ಆಫೀಸಿಗೆ ಸುತ್ತು ಹಾಕಿ ಹೋಗುತ್ತಿದ್ದೆ.

ಮೂರನೆಯ ಬೇಸಿಗೆ ಬರುವ ಮುಂಚೆ ಅವರಿಗೆ ಹೃದಯಾಘಾತವಾಯಿತು.

ಶ್ರದ್ಧಾಂಜಲಿ ಸಭೆಯಲ್ಲಿ ಮೈಕ್ ನನ್ನ ಸಾಲಿಗೂ ಬಂತು, ಪಕ್ಕದವರಿಗೆ ದಾಟಿಸಿದೆ. ಅದಾದ ಒಂದು ವಾರಕ್ಕೆ ನಾನೊಬ್ಬಳೇ ಟೊರೆನ್ಸ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ದೋಣಿ ಮನೆಯ ಮುಂದೆ ಟಾರ್ಪಾಲು ಹೊದ್ದು ನಿಂತಿತ್ತು. ಆಂಟಿ ಬಾಗಿಲು ತೆಗೆದು, ಒಳಗೆ ಕರೆದು, ನೀರು ಕೊಟ್ಟರು. ಕುಡಿಯದೆ ಎಲ್ಲ ಹೇಳಿದೆ. ಸಂಕಷ್ಟಿ, ಉಪ್ಪಿಟ್ಟು, ಮೂರು ಸಲ ಕೇಳಿದ್ದು. ಹೇಳುತ್ತಾ ಅತ್ತೆ. ಆಂಟಿ ಅಳಲಿಲ್ಲ.

"ನನಗ್ಯಾಕ ಹೇಳ್ತಿ? ನನಗ ಅವತ್ತಽ ಗೊತ್ತಾಗೇದ, ದಾರ್ಯಾಗ ಹೇಳಿದ್ರು" ಅಂದರು. "ಗೊತ್ತಿಲ್ದವ್ರಿಗೆ ಹೇಳು ಹೋಗು."

"ಅಂಕಲ್ ಯಾಕೆ ಯಾರಿಗೂ ಹೇಳ್ಲಿಲ್ಲ ಆಂಟಿ?"

"ದೇವರ ಹೆಸರಿನ ಉಪವಾಸ, ಎಲ್ಲಾರೂ ಆ ಹುಡುಗೀನ್ನ ಆಡ್ಕೊಂಡು ನಗ್ತಾರ ಅಂದ್ರು. ನಾ ಜಗಳಾಡಿದೆ. ನಕ್ರ ನಗವಲ್ರ್ಯಾಕ, ನಿಮ್ಮ ಹೆಸರು ಕೆಡ್ತದಲ್ಲ ಅಂದೆ. ಕೇಳ್ಲಿಲ್ಲ." ಅವರು ಎದ್ದು ನನ್ನ ಲೋಟ ತೆಗೆದುಕೊಂಡು ಒಳಗೆ ಹೋದರು. ಇನ್ನು ಹೊರಡು ಎಂದು ಅರ್ಥವಾಯಿತು.

ಮನೆಗೆ ಬಂದು ಗುಂಪಿನಲ್ಲಿ ಬರೆದೆ. ಕನ್ನಡದಲ್ಲೇ, ಸುತ್ತಿ ಬಳಸದೆ. ಅವರು ಮೂರು ಸಲ ಕೇಳಿದರು, ನಾನು ಮೂರು ಸಲ ಸುಳ್ಳು ಹೇಳಿದೆ, ತಪ್ಪು ಪೂರ್ತಿ ನನ್ನದು, ಅವರಷ್ಟು ಎಚ್ಚರದ ಮನುಷ್ಯನನ್ನು ನಾನು ನೋಡಿಲ್ಲ. ಒಂದೆರಡು ಕೈ ಮುಗಿದ ಚಿತ್ರಗಳು ಬಂದವು. ಒಬ್ಬಾಕೆ, "ಟೇಕ್ ಕೇರ್ ಡಿಯರ್" ಎಂದಳು. ಅರ್ಧ ಗಂಟೆಯಲ್ಲಿ ಅಡ್ಮಿನ್ ಮಹಾಶಯರು ನನ್ನ ಬರಹವನ್ನು ಅಳಿಸಿ, ತಮ್ಮದೊಂದನ್ನು ಹಾಕಿದರು: ಅಗಲಿದವರ ಬಗ್ಗೆ ಹಳೇ ನೆಗೆಟಿವ್ ವಿಷಯ ಬೇಡ, ಯುಗಾದಿ ಪಾಟ್‌ಲಕ್‌ಗೆ ಯಾರು ಯಾರು ಏನು ತರ್ತೀರಿ ತಿಳಿಸಿ. ಕೋಸಂಬರಿ, ಪುಳಿಯೋಗರೆ, ಒಬ್ಬಟ್ಟು ಎಂದು ಸಾಲು ಸಾಲಾಗಿ ಬಂದವು. ನಾನು ಫೋನನ್ನು ಗೋಡೆಗೆ ಎಸೆಯುವುದೊಂದು ಬಾಕಿ.

ಆಗಲೇ ಅಂಕಲ್ ಫೋನಿನಿಂದ ಆಂಟಿಯ ಕರೆ ಬಂತು.

"ಅಳಿಸ್ಯಾರಲ್ಲ."

"ಹೂಂ ಆಂಟಿ. ಮತ್ತೆ ಹಾಕ್ತೀನಿ. ತೆಗೆದ್ರೆ ಇನ್ನೆಲ್ಲಾದ್ರೂ ಬರೀತೀನಿ, ಎಲ್ರೂ ಓದೋ ಕಡೆ."

"ಬರಿ." ಅಂದರು. "ಶುಕ್ರವಾರ ಸಂಜಿ ಅವ್ರು ಆ ಗ್ರೂಪ್ ತಗದು ಕೂಡ್ತಿದ್ರು. ಎರಡು ಬೇಸಿಗಿ. ನಾ ಅನ್ಕೊಂಡಿದ್ದೆ, ನೀ ಖರೇ ಬರೀತಿ ಅಂತ ಕಾಯ್ತಾರ ಅಂತ. ಒಂದಿನ ಕೇಳೇಬಿಟ್ಟೆ. ಅಲ್ಲಂತ. ಯಾರರ ಒಬ್ರು, ನಾಳೆ ಬರ್ತೇನ್ರಿ, ದೋಣಿ ನಾ ಓಡಸ್ತೇನಿ ಅಂತ ಬರೀತಾರೇನೋ ಅಂತ ನೋಡ್ತಿದ್ರು."

ಫೋನ್ ಇಟ್ಟರು.

ಅವರು ಓಡಿಸಲು ಕಲಿಸಿದ ಆ ನಾಲ್ವರಲ್ಲಿ ನಾನೊಬ್ಬಳು.